ಐಲಿ ದಾಟಿದ ಹೊಳೆ

ಐಲಿ ಕೊಸ್ಕೆಲಾಳ ಬಗ್ಗೆ ಬರೆಯಲು ಕೂತರೆ ಮೊದಲು ನೆನಪಾಗುವುದು ಅವಳು ಜಗಳಕ್ಕೆ ನಿಲ್ಲುವ ರೀತಿ. ತನಗಾಗಿ ಅವಳು ಜಗಳವಾಡಿದ್ದನ್ನು ನಾನು ಕಂಡಿಲ್ಲ. ಆದರೆ ಯಾರೂ ಮೂಸಿ ನೋಡದ ಹಳೇ ವಿಡಿಯೋ ಆಟವೊಂದನ್ನು ಯಾರಾದರೂ ಹೀಗಳೆದರೆ ಮುಗಿಯಿತು, ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟು ಸೊಂಟಕ್ಕೆ ಕೈ ಕೊಟ್ಟು ಎದುರು ನಿಲ್ಲುತ್ತಾಳೆ. "ನೀನು ಆಡಿದೀಯಾ? ಪೂರ್ತಿ ಆಡಿದೀಯಾ? ಇಲ್ಲ ತಾನೇ? ಹಾಗಾದ್ರೆ ಬಾಯಿ ಮುಚ್ಕೊಂಡು ನಿಸು ತಿನ್ನು" ಎನ್ನುತ್ತಾಳೆ. ನಿಸು ಎಂದರೆ ಅವರ ಫಿನ್ನಿಷ್ ಮನೆಗಳ ಏಲಕ್ಕಿ ಬ್ರೆಡ್ಡು. ಅದನ್ನು ಅವಳೇ ಮಾಡಿ ತಂದಿರುತ್ತಾಳೆ, ಹಾಗಾಗಿ ತಿನ್ನದೆ ಬೇರೆ ದಾರಿ ಇರುವುದಿಲ್ಲ.

ನಾನು ಡಾಮಿನಿಕ್ ಪೆಟ್ರೋನ್. ಈರಿ ಸರೋವರದ ದಡದ ಆ್ಯಶ್ಟಬ್ಯೂಲಾ ಬಂದರಿನ ಎತ್ತುಸೇತುವೆಯ ಹತ್ತಿರ ನನ್ನದೊಂದು ಟಿವಿ ರಿಪೇರಿ ಅಂಗಡಿ. ಅಂಗಡಿ ಇದೆ, ಗಿರಾಕಿ ಇಲ್ಲ. ಈಗಿನ ಟಿವಿಗಳನ್ನು ಯಾರು ರಿಪೇರಿ ಮಾಡಿಸುತ್ತಾರೆ ಹೇಳಿ? ಹಪ್ಪಳದ ಹಾಗೆ ತೆಳ್ಳಗಿರುತ್ತವೆ, ಕೆಟ್ಟರೆ ನೇರ ಬೀದಿಗೆ. ಆ ಮಾತೆತ್ತಿದರೆ ನನಗೆ ರಕ್ತದೊತ್ತಡ ಏರುತ್ತದೆ, ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದಾರೆ, ಆದರೂ ಎತ್ತುತ್ತೇನೆ. ಅಂಗಡಿಗೆ ಬೀಗ ಹಾಕಿ ಮನೆಯಲ್ಲಿ ಕೂರಬೇಕು ಎಂದುಕೊಂಡಿದ್ದ ಕಾಲದಲ್ಲಿ ಐಲಿ ಬಂದಳು. ತಾನು ಓಡಿಸುವ ಹಳದಿ ಶಾಲಾ ಬಸ್ಸನ್ನು ಅಂಗಡಿಯ ಮುಂದೆಯೇ ನಿಲ್ಲಿಸಿ, ಗಾಜಿನ ಕೊಳವೆಯ ಹಳೇ ಟಿವಿಯೊಂದನ್ನು ಹೊಟ್ಟೆಗೆ ಅಪ್ಪಿಕೊಂಡು ಏದುಸಿರು ಬಿಡುತ್ತಾ ಒಳಗೆ ಬಂದಳು.

"ಇದು ಬದುಕತ್ತಾ?" ಎಂದು ಕೇಳಿದಳು.

"ಇದನ್ಯಾಕಮ್ಮಾ ಬದುಕಿಸ್ಬೇಕು? ಕಸಕ್ಕೆ ಹಾಕೋದಲ್ವಾ?" ಎಂದೆ. ಅವಳನ್ನು ಪರೀಕ್ಷಿಸಲೆಂದೇ ಅಂದೆ.

"ಕಸಕ್ಕೆ ಹಾಕೋ ಹಾಗಿದ್ರೆ ಬೆನ್ನು ಮುರ್ಕೊಂಡು ಇಲ್ಲಿ ತನಕ ತರ್ತಿದ್ನಾ? ಆಗತ್ತೋ ಇಲ್ವೋ ಅಷ್ಟು ಹೇಳಿ."

ಆ ಕ್ಷಣದಲ್ಲೇ ನನಗೆ ಅವಳು ಇಷ್ಟವಾಗಿಬಿಟ್ಟಳು. ಹಳೇ ಆಟದ ಯಂತ್ರಗಳಿಗೆ ಹೊಸ ಟಿವಿ ಒಗ್ಗುವುದಿಲ್ಲ, ಗಾಜಿನ ಕೊಳವೆಯದ್ದೇ ಬೇಕು ಎಂದು ಅವಳಿಂದ ತಿಳಿಯಿತು. ನನ್ನಂಥವನನ್ನು ಹುಡುಕಿಕೊಂಡು ಬರುವ ಜನ ಈ ಭೂಮಿಯ ಮೇಲೆ ಇನ್ನೂ ಇದ್ದಾರೆ ಎಂಬುದೂ ತಿಳಿಯಿತು. ಅಂದಿನಿಂದ ನಾನು ಅವಳಿಗೆ ನಿಕ್ಕಣ್ಣ ಆದೆ.

ಗುರುವಾರದ ಕೂಟ ಶುರು ಮಾಡಿದವಳೂ ಅವಳೇ. ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಸಂಜೆ ಸೇರುತ್ತೇವೆ. ನಾನು ಕ್ಯಾಥೊಲಿಕ್ಕನಾಗಿ ಹುಟ್ಟಿದವನು, ಆದರೆ ಅಲ್ಲಿನ ಕಾಫಿಗೆ ಪಂಥಭೇದವಿಲ್ಲ. ಕಾಫಿ ಮಾಡುವವಳು ಥೆಲ್ಮಾ, ನಿವೃತ್ತ ನರ್ಸು, ಮಾತು ಕಡಿಮೆ. ಪಕ್ಕದ ಈರಿ ಪಟ್ಟಣದಿಂದ ಕರ್ಟಿಸ್ ಎಂಬುವನು ಕಾರು ಓಡಿಸಿಕೊಂಡು ಬರುತ್ತಾನೆ. ಅವನ ಮನೆಯಲ್ಲಿ ಗೋಡೆಯಿಂದ ಗೋಡೆಗೆ ಆಟದ ಡಬ್ಬಿಗಳು. ಯಾವ ಆಟ ಉತ್ತಮ, ಯಾವುದು ಅಧಮ ಎಂದು ಅಂತರ್ಜಾಲದಲ್ಲಿ ತೀರ್ಪು ಬರೆಯುತ್ತಾನೆ, ಓದುವ ಜನರೂ ಬೇಕಾದಷ್ಟಿದ್ದಾರೆ. ಉಳಿದಂತೆ ಬಂದು ಹೋಗುವವರು ಕೆಲವರು. ಬೇರೆ ಕಡೆಯ ಕೂಟಗಳಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರುವಾಸಿ ಆಟಗಳನ್ನು ಆಡುತ್ತಾರಂತೆ. ನಮ್ಮಲ್ಲಿ ಅದು ನಡೆಯುವುದಿಲ್ಲ. ಬರುವವರು ಯಾರಿಗೂ ಬೇಡವಾದ ಆಟವೊಂದನ್ನು ತಂದು, ಎಲ್ಲರ ಮುಂದೆ ಆಡಿ, ಅದರ ಪರವಾಗಿ ವಾದಿಸಬೇಕು. ನಾವು ಅವುಗಳನ್ನು ಅನಾಥರು ಎಂದು ಕರೆಯುತ್ತೇವೆ.

ಐಲಿಯ ಅನಾಥರಲ್ಲಿ ನನಗೆ ಬಹಳ ಹಿಡಿಸಿದ್ದು ದೀಪಸ್ತಂಭದ ಆಟ. ಕಡಲ ನಡುವೆ ಒಂದು ದೀಪ, ನೀವು ಅದನ್ನು ತಿರುಗಿಸುತ್ತಾ ಇರಬೇಕು, ಹಡಗುಗಳು ಬರುತ್ತವೆ, ಹೋಗುತ್ತವೆ. ಗುಂಡಿಲ್ಲ, ಬಾಂಬಿಲ್ಲ. ನೀವು ಸರಿಯಾಗಿ ಆಡಿದರೆ ಏನೆಂದರೆ ಏನೂ ಆಗುವುದಿಲ್ಲ. ಕರ್ಟಿಸ್ ಒಂದು ದಿನ, "ಇದು ಆಟಾನೋ ಶಿಕ್ಷೇನೋ?" ಎಂದು ಆಕಳಿಸಿದ. ಐಲಿ ಲೋಟ ಕೆಳಗಿಟ್ಟಳು.

"ಕೆಲಸ ಸರಿಯಾಗಿ ಮಾಡಿದ್ರೆ ಏನೂ ಆಗ್ಬಾರ್ದು ಕಣಯ್ಯಾ. ದಿನಾ ಬೆಳಿಗ್ಗೆ ಬಸ್ ತುಂಬ ಮಕ್ಕಳನ್ನ ಹಾಕ್ಕೊಂಡು ಜಾರೋ ರಸ್ತೇಲಿ ಹೋಗ್ತೀನಲ್ಲ, ಒಂದು ದಿನಾನಾದ್ರೂ ನನ್ನ ಬಗ್ಗೆ ಪೇಪರ್ನಲ್ಲಿ ಬಂದಿದೆಯಾ? ಬಂದಿಲ್ಲ. ಅದೇ ನನ್ನ ಗೆಲುವು. ಈ ಆಟ ಮಾಡಿದ ಪುಣ್ಯಾತ್ಮನಿಗೆ ಅದು ಗೊತ್ತಿತ್ತು, ನಿನಗೆ ಗೊತ್ತಿಲ್ಲ."

ಇನ್ನೊಂದು ಸರ್ಕಸ್ಸಿನ ಆಟ. ಆನೆಗಳ ಹಿಂದೆ ಕಸಬರಿಗೆ ಹಿಡಿದು ಗುಡಿಸುತ್ತಾ ಹೋಗುವವನೇ ಅದರ ನಾಯಕ. ಡಬ್ಬಿಯ ಮೇಲೆ ಮಾತ್ರ ಬಾಯ್ತೆರೆದ ಹುಲಿಯ ಚಿತ್ರ ಹಾಕಿದ್ದರು. ಹುಲಿ ನೋಡಿ ಕೊಂಡ ಮಕ್ಕಳಿಗೆ ಒಳಗೆ ಸಿಕ್ಕಿದ್ದು ಆನೆಯ ಲದ್ದಿ. ಆಟ ನೆಲಕಚ್ಚಿತು. "ಹುಲಿ ಇಲ್ಲ ಅನ್ನೋದು ಡಬ್ಬಿ ಮಾಡಿದವನ ತಪ್ಪು, ಗುಡಿಸೋವನು ಏನು ಮಾಡಿದ್ದ ಪಾಪ?" ಎಂದು ಐಲಿ ಕೇಳುತ್ತಾಳೆ. ನಾನೇ ಒಂದು ಸಂಜೆ ಅದನ್ನು ಆಡಲು ಕೂತು ಊಟದ ಹೊತ್ತು ಮರೆತು ಹೆಂಡತಿ ಕಾನಿಯ ಕೈಲಿ ಚೆನ್ನಾಗಿ ಬೈಸಿಕೊಂಡೆ.

ಇವೆಲ್ಲ ನಗುನಗುತ್ತಾ ಆಡುವ ಜಗಳಗಳು. ಹಾಲಿನ ಗಾಡಿ ಎಂಬ ಆಟದ ಮಾತು ಬಂದರೆ ಮಾತ್ರ ಐಲಿಯ ನಗು ಬೇರೆ ಆಗುತ್ತಿತ್ತು, ಮುಖದ ಮೇಲೆ ಅಂಟಿಸಿಕೊಂಡ ಹಾಗೆ.

ಹಾಲಿನ ಗಾಡಿಯಲ್ಲಿ ಒಂದು ಕುದುರೆ, ಅದರ ಹಿಂದೆ ಹಾಲಿನ ಕ್ಯಾನುಗಳನ್ನು ಹೇರಿದ ಜಾರುಬಂಡಿ. ಹಿಮದಲ್ಲಿ ಮನೆಯಿಂದ ಮನೆಗೆ ಹಾಲು ಕೊಡುತ್ತಾ ಹೋಗಬೇಕು. ಕೊನೆಗೊಂದು ಹೆಪ್ಪುಗಟ್ಟಿದ ಹೊಳೆ ಬರುತ್ತದೆ, ಆಚೆ ದಡದಲ್ಲಿ ಕೊನೆಯ ಮನೆ. ಹೊಳೆಯ ಮೇಲೆ ಮಂಜುಗಡ್ಡೆ ಎಲ್ಲಿ ಗಟ್ಟಿ, ಎಲ್ಲಿ ತೆಳು ಎಂದು ತಿಳಿಯುವುದೇ ಇಲ್ಲ, ಎಲ್ಲಾ ಒಂದೇ ಬಿಳುಪು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಕುದುರೆ, ಗಾಡಿ, ಹಾಲು ಎಲ್ಲಾ ಗುಳುಂ. ಆಡಿದವರೆಲ್ಲ ಮುಳುಗಿದರು, ಬೈದರು, ಬಿಸಾಡಿದರು. ದಾಟಲಾಗದ ಹೊಳೆ ಇಟ್ಟು ಜನರಿಗೆ ಮೋಸ ಮಾಡಿದ ಆಟ ಎಂದು ಕರ್ಟಿಸ್ ಅದನ್ನು ತನ್ನ ಅಧಮರ ಸಾಲಿನಲ್ಲಿ ತೀರ ಕೆಳಗೆ ಕೂರಿಸಿದ್ದ.

ಐಲಿ ಮಾತ್ರ ತಾನು ಅದನ್ನು ದಾಟಿದ್ದೇನೆ ಎನ್ನುತ್ತಿದ್ದಳು. ಒಂದೇ ಒಂದು ಸಲ, ಹುಡುಗಿಯಾಗಿದ್ದಾಗ.

ಆ ಕಥೆಯನ್ನು ಅವಳ ಬಾಯಿಂದಲೂ ಕೇಳಿದ್ದೇನೆ, ಅವಳ ತಮ್ಮ ಆರ್ವೋನ ಬಾಯಿಂದಲೂ ಕೇಳಿದ್ದೇನೆ. ಅವಳು ದಾಟಿದಳೋ ಇಲ್ಲವೋ ಎಂಬುದೊಂದನ್ನು ಬಿಟ್ಟರೆ ಎರಡೂ ಒಂದೇ. ಎಂಬತ್ತನಾಲ್ಕರ ಚಳಿಗಾಲ. ಅವರ ಅಪ್ಪ ತೋಯ್ವೋ ಬಂದರಿನಲ್ಲಿ ಅದಿರು ಇಳಿಸುವ ಕೆಲಸದವನು. ಆ ಕ್ರಿಸ್‌ಮಸ್‌ಗೆ ಯಾರೋ ಮಾರುತ್ತಿದ್ದ ಆಟದ ಯಂತ್ರವನ್ನು ಮಗನಿಗೆಂದು ತಂದಿದ್ದ. ಅದರ ಜೊತೆ ಬಂದದ್ದು ಒಂದೇ ಆಟ, ಹಾಲಿನ ಗಾಡಿ. ಆರ್ವೋ ಹಗಲೆಲ್ಲ ಹಿಂದೆಮುಂದೆ ನೋಡದೆ ಕುದುರೆ ಓಡಿಸಿ ಹಗಲೆಲ್ಲ ಮುಳುಗಿದ. ಒಂದು ಭಾನುವಾರ ಐಲಿಗೆ ಜ್ವರ. ಅವಳನ್ನು ಮನೆಯಲ್ಲಿ ಬಿಟ್ಟು ಎಲ್ಲರೂ ಚರ್ಚಿಗೆ ಹೋದರು. ವಾಪಸು ಬಂದಾಗ ಕಂಬಳಿ ಹೊದ್ದು ಬಾಗಿಲಲ್ಲೇ ನಿಂತಿದ್ದ ಐಲಿ, "ನಾನು ಹೊಳೆ ದಾಟಿದೆ! ಆಚೆ ಮನೆ ಬಾಗಿಲು ತೆಗೀತು! ತಲೆಗೆ ಸ್ಕಾರ್ಫ್ ಕಟ್ಟಿದ ಹೆಂಗಸೊಬ್ಬಳು ಬಂದು ಕೈ ಬೀಸಿದ್ಲು!" ಎಂದು ಕೂಗಿದಳು.

ಹನ್ನೆರಡು ವರ್ಷದ ಆರ್ವೋಗೆ ಹೊಟ್ಟೆ ಉರಿದುಹೋಯಿತು. ಯಂತ್ರ ತನ್ನದು, ಅಕ್ಕ ಮುಟ್ಟಿದ್ದೇ ತಪ್ಪು, ಸಾಲದ್ದಕ್ಕೆ ದಾಟಿದಳಂತೆ. "ಸುಳ್ಳು! ಇವಳು ಸುಳ್ಳಿ!" ಎಂದು ನೆಲಕ್ಕೆ ಬಿದ್ದು ಹೊರಳಾಡಿದ. ಸಾಕ್ಷಿಗೆ ಪಟ ಹಿಡಿಯೋಣವೆಂದರೆ ಮನೆಯಲ್ಲಿ ಕ್ಯಾಮೆರಾ ಎಲ್ಲಿತ್ತು? ದಾಟು ನೋಡೋಣ ಎಂದು ಅಪ್ಪ ಕೂರಿಸಿದ. ಜ್ವರದ ಸುಸ್ತಿನಲ್ಲಿ ಅವಳು ಮುಳುಗಿದಳು. ಇನ್ನೊಮ್ಮೆ ಆಡಿದಳು, ಮತ್ತೆ ಮುಳುಗಿದಳು. ತಮ್ಮನಿಗೆ ಸುಳ್ಳು ಹೇಳಿದೆ ಎಂದು ಒಪ್ಪಿಕೋ, ಮುಗಿಸೋಣ ಎಂದ ತೋಯ್ವೋ. ಅವಳು ಒಪ್ಪಲಿಲ್ಲ. ಸಾಯಂಕಾಲದವರೆಗೂ ಒಪ್ಪಲಿಲ್ಲ. ಮನೆಯಲ್ಲಿ ಜಗಳ ತರುವ ಪೆಟ್ಟಿಗೆ ಬೇಡವೇ ಬೇಡ ಎಂದು ಅಪ್ಪ ಅದನ್ನೆತ್ತಿ ಯಾರಿಗೋ ಕೊಟ್ಟುಬಿಟ್ಟ. ಹೀಗೆ ಆರ್ವೋನ ಕ್ರಿಸ್‌ಮಸ್ ಉಡುಗೊರೆ ಅಕ್ಕನ ಬಾಯಿಂದ ಹೋಯಿತು, ಐಲಿಯ ಮಾತಿನ ಮೇಲಿನ ನಂಬಿಕೆ ತಮ್ಮನ ಬಾಯಿಂದ ಹೋಯಿತು.

ಈಗ ಆರ್ವೋಗೆ ತಲೆ ಬೋಳಾಗಿದೆ, ಹೊಟ್ಟೆ ಬಂದಿದೆ, ದೋಣಿಗಳ ಇಂಜಿನ್ ರಿಪೇರಿ ಮಾಡುತ್ತಾನೆ. ಒಳ್ಳೆಯವನೇ. ಅಕ್ಕನ ಮನೆಯ ಮಾಡು ಸೋರಿದರೆ ಮೊದಲು ಏಣಿ ಹತ್ತುವವನು ಅವನು. ಪ್ರತಿ ಗುರುವಾರ ತಪ್ಪದೆ ಬರುತ್ತಾನೆ. ಆಡುವುದಿಲ್ಲ, ನಿಸು ತಿನ್ನುತ್ತಾ ಕೂತು ಒಂದೇ ರಾಗ ಎಳೆಯುತ್ತಾನೆ.

"ಏನಕ್ಕಾ, ಇವತ್ತು ಹೊಳೆ ದಾಟ್ತೀಯೋ, ಇಲ್ಲಾ ದೋಣಿ ತರಿಸ್ಲೋ?"

"ಸ್ಕಾರ್ಫ್ ಕಟ್ಟಿದ ಅಮ್ಮಾವ್ರು ಕಾದೂ ಕಾದೂ ಮುದುಕಿ ಆಗಿರ್ಬೇಕು ಪಾಪ."

"ನಮ್ಮಕ್ಕ ಸುಳ್ಳು ಹೇಳಲ್ಲ ಕಣ್ರಪ್ಪಾ, ಜ್ವರ ಹೇಳ್ಸತ್ತೆ ಅಷ್ಟೇ."

ಎಲ್ಲರೂ ನಗುತ್ತಿದ್ದರು, ಐಲಿಯೂ ನಗುತ್ತಿದ್ದಳು. ನಾನು ಮೊದಲು ನಕ್ಕೆ, ಆಮೇಲೆ ಬಿಟ್ಟೆ. ಕಾರಣ ಹೇಳುತ್ತೇನೆ. ಹಳೇ ಸಾಮಾನು ಮಾರುವ ಮನೆಯೊಂದರ ಅಂಗಳದಲ್ಲಿ ಅವಳಿಗೆ ಹಾಲಿನ ಗಾಡಿ ಮತ್ತೆ ಸಿಕ್ಕಿ ಬಹಳ ವರ್ಷವಾಗಿತ್ತು. ಅಂದಿನಿಂದ ಆಡುತ್ತಲೇ ಇದ್ದಳು, ಮುಳುಗುತ್ತಲೇ ಇದ್ದಳು. ಒಂದು ಶನಿವಾರ ಅವಳ ಮನೆಯ ಟಿವಿಯ ಚಿತ್ರ ಸರಿಮಾಡಲು ಹೋಗಿದ್ದೆ. ಹೊಸ ಕನ್ನಡಕ ಹಾಕಿಕೊಂಡಿದ್ದಳು.

"ಹಳೇದು ಒಡೀತಾ?" ಎಂದೆ.

"ಇಲ್ಲ ನಿಕ್ಕಣ್ಣ. ಹೊಳೆಗೋಸ್ಕರ ಬದಲಾಯಿಸ್ದೆ" ಎಂದಳು. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ಅವಳ ಮುಖದಲ್ಲಿ ತಮಾಷೆ ಇರಲಿಲ್ಲ. "ಆಗ ನನಗೆ ತೆಳು ಮಂಜುಗಡ್ಡೆ ಕಣ್ಣಿಗೆ ಕಾಣ್ತಿತ್ತು. ನೋಡ್ಕೊಂಡು, ತಪ್ಪಿಸ್ಕೊಂಡು ಹೋದೆ. ಈಗ ಕಾಣಲ್ಲ. ಕಣ್ಣು ಹೋಯ್ತೇನೋ ಅಂತ ಡಾಕ್ಟರ ಹತ್ರ ಹೋದೆ, ಕಣ್ಣು ಚೆನ್ನಾಗೇ ಇದೆ ಅಂದ್ರು. ಕನ್ನಡಕ ಹಾಕಿದ್ರೂ ಕಾಣಲ್ಲ. ಆರ್ವೋ ಹೇಳೋದೇ ನಿಜ ಇರ್ಬೋದು ನಿಕ್ಕಣ್ಣ. ಜ್ವರ ಇತ್ತು. ಕನಸು ಕಂಡಿದ್ನೋ ಏನೋ."

"ಹುಚ್ಚಿಯ ಹಾಗೆ ಮಾತಾಡ್ಬೇಡ" ಎಂದು ಗದರಿದೆ.

"ಜನ ನಂಬ್ಲಿ ಬಿಡ್ಲಿ, ನನಗೇನೂ ಇರ್ಲಿಲ್ಲ. ಈಗ ನನಗೇ ನಂಬಿಕೆ ಬರ್ತಿಲ್ಲ ನೋಡು. ಅದೇ ಸಂಕಟ."

ಟಿವಿಯ ಹಿಂಬದಿಗೆ ಹೋಗಿ ಬೇಕಿಲ್ಲದ ತಿರುಪುಗಳನ್ನೆಲ್ಲ ಬಿಗಿ ಮಾಡಿದೆ. ತಲೆಬಾಗಿಸಿ ತಪ್ಪೊಪ್ಪಿಕೊಂಡಿದ್ದರೆ ಅವತ್ತೇ ಮುಗಿಯುತ್ತಿದ್ದ ಮಾತಿಗೆ ಇಷ್ಟು ವರ್ಷ ಅಂಟಿಕೊಂಡು ನಿಂತವಳು ಈಗ ತನ್ನನ್ನೇ ಅನುಮಾನಿಸುತ್ತಿದ್ದಳು.

ಈ ಜನವರಿಯ ಒಂದು ಗುರುವಾರ. ಕೆರೆಯ ಕಡೆಯಿಂದ ಹಿಮ ಒಂದೇ ಸಮ ಸುರಿಯುತ್ತಿತ್ತು. ನಾವು ಈರಿ ಸರೋವರವನ್ನು ಕೆರೆ ಎಂದೇ ಕರೆಯುವುದು. ದಾರಿ ಮುಚ್ಚಿತ್ತು, ಹಾಗಾಗಿ ಕರ್ಟಿಸ್ ಬರಲಿಲ್ಲ. ಊರಲ್ಲೇ ಇರುವ ನಾವು ಕೆಲವರು ಬೂಟು ಒದರಿಕೊಂಡು ನೆಲಮಾಳಿಗೆಗೆ ಇಳಿದೆವು. ಅಲ್ಲಿ ನನ್ನ ಹೆಮ್ಮೆಯ ದೊಡ್ಡ ಬಣ್ಣದ ಟಿವಿ ಇತ್ತು, ಮರದ ಪೆಟ್ಟಿಗೆಯದು. ಅಂಥ ಬಣ್ಣ ಈ ಜಿಲ್ಲೆಯಲ್ಲೇ ಇನ್ನೊಂದು ಟಿವಿಯಲ್ಲಿಲ್ಲ ಎಂದು ನಾನು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದೆ. ಅವತ್ತೂ ಹೇಳಿದೆ. ಹೇಳಿ ಸ್ವಿಚ್ ಒತ್ತಿದೆ. ಒಳಗೆ ಚಟ್ ಎಂದಿತು, ಹಿಂದಿನಿಂದ ಹೊಗೆ ಎದ್ದಿತು, ಸುಟ್ಟ ವಾಸನೆ ಬಂತು.

"ಬಣ್ಣ ಚೆನ್ನಾಗಿದೆ ನಿಕ್ಕಣ್ಣ, ಬೂದು ಬಣ್ಣ" ಎಂದ ಆರ್ವೋ.

ನಾನು ಬಾಯಿಗೆ ಬಂದದ್ದು ಅಂದೆ. ಚರ್ಚಿನಲ್ಲಿ ಅನ್ನಬಾರದ್ದನ್ನೂ ಅಂದೆ. ಥೆಲ್ಮಾ ಸುಮ್ಮನೆ ಕಾಫಿ ತಂದು ಕೈಗಿಟ್ಟಳು. ಇವತ್ತು ಕೂಟ ಇಲ್ಲ, ಮನೆಗೆ ಹೋಗಿ ಎನ್ನಲು ಮನಸ್ಸಾಗಲಿಲ್ಲ, ಅಷ್ಟು ಹಿಮದಲ್ಲಿ ಬಂದಿದ್ದಾರೆ. ನನ್ನ ವ್ಯಾನಿನ ಹಿಂಬದಿಯಲ್ಲಿ ಯಾರೋ ಬಿಟ್ಟುಹೋದ ಪುಟ್ಟ ಟಿವಿಯೊಂದು ಬಿದ್ದಿರುವುದು ನೆನಪಾಯಿತು. ಕಪ್ಪು ಬಿಳುಪಿನದು, ಅಡುಗೆಮನೆಯ ಮೂಲೆಯಲ್ಲಿ ಇಟ್ಟುಕೊಳ್ಳುವಂಥದ್ದು. ತಂದೆ, ಧೂಳು ಒರೆಸಿದೆ, ಜೋಡಿಸಿದೆ. ಚಿತ್ರ ಬಂತು. ಆದರೆ ಕಲಸಿದ ಗಂಜಿಯಂತೆ, ಒಂದಕ್ಕೊಂದು ಬೇರೆ ಕಾಣುತ್ತಿರಲಿಲ್ಲ.

ಆ ಕಾಲದ ಆಟದ ಯಂತ್ರಗಳ ಮೇಲೆ ಆಚೀಚೆ ತಳ್ಳುವ ಒಂದು ಸಣ್ಣ ಸ್ವಿಚ್ಚು ಇರುತ್ತದೆ. ನಿಮ್ಮ ಮನೆಯದು ಬಣ್ಣದ ಟಿವಿಯಾದರೆ ಒಂದು ಕಡೆಗೆ, ಕಪ್ಪು ಬಿಳುಪಿನದಾದರೆ ಇನ್ನೊಂದು ಕಡೆಗೆ. ಇಂದಿನ ದಿನ ಕಪ್ಪು ಬಿಳುಪಿನ ಟಿವಿ ಯಾರಿಗೆ ಬೇಕು? ನಮ್ಮ ಜನ ಅದನ್ನು ಬಣ್ಣದ ಕಡೆಗೆ ಇಟ್ಟು, ಕೈ ತಾಗಿ ಸರಿಯದಿರಲೆಂದು ಮೇಲೊಂದು ಟೇಪು ಅಂಟಿಸಿಬಿಡುತ್ತಾರೆ. ಹಳೇ ಯಂತ್ರ ಹಿಡಿದವರೆಲ್ಲ ಹಾಗೇ ಮಾಡುತ್ತಾರೆ. ಐಲಿಯ ಯಂತ್ರದ ಮೇಲೂ ಟೇಪು ಇತ್ತು. ನಾನು ಉಗುರಿನಿಂದ ಕಿತ್ತು, ಸ್ವಿಚ್ಚನ್ನು ಆಚೆ ತಳ್ಳಿದೆ. ಚಿತ್ರ ಸ್ವಲ್ಪ ಬಿಡಿಸಿಕೊಂಡಿತು.

"ಯಾವ ಅನಾಥನ್ನ ಹಾಕ್ಲಿ?" ಎಂದಳು ಐಲಿ.

"ಹೊಳೇನೇ ಹಾಕು. ಟಿವಿ ಮುಳುಗ್ತು, ಗಾಡೀನೂ ಮುಳುಗ್ಲಿ" ಎಂದ ಆರ್ವೋ.

ಅವಳು ನಕ್ಕು ಹಾಲಿನ ಗಾಡಿ ಹಾಕಿದಳು. ಮನೆಗಳಿಗೆ ಹಾಲು ಕೊಡುತ್ತಾ ಹೋದಳು. ಆ ಭಾಗ ಅವಳಿಗೆ ನಿದ್ದೆಯಲ್ಲೂ ಬರುತ್ತದೆ. ನಾನು ಅತ್ತ ನೋಡದೆ ದೊಡ್ಡ ಟಿವಿಯ ಹೊಟ್ಟೆಗೆ ಕೈ ಹಾಕಿ ಏನು ಸುಟ್ಟಿದೆ ಎಂದು ತಡಕುತ್ತಿದ್ದೆ. ಹೊಳೆ ಬಂತು. ಗಾಡಿ ಓಡುವ ಟಕಟಕ ಸದ್ದು ನಿಂತಿತು. ಐಲಿ ಆಟವನ್ನು ದಡದಲ್ಲೇ ನಿಲ್ಲಿಸಿಕೊಂಡು ಕೂತಿದ್ದಳು.

"ನಿಕ್ಕಣ್ಣ" ಎಂದಳು. "ಇಲ್ಲಿ ಬಾ. ಹೊಳೆ ಮೇಲೆ ಕಪ್ಪು ಕಲೆ ಕಾಣ್ತಿದೆಯಾ? ನಿನಗೂ ಕಾಣ್ತಿದೆಯಾ, ನನಗೊಬ್ಬಳಿಗೇನಾ?"

ಬಗ್ಗಿ ನೋಡಿದೆ. ಬಿಳೀ ಹೊಳೆಯ ಮೇಲೆ ಅಲ್ಲಲ್ಲಿ ಕಪ್ಪು ಕಲೆ, ಒಂದು ಕ್ಷಣ ಮೂಡಿ ಮಾಯವಾಗಿ ಇನ್ನೊಂದು ಕಡೆ ಮೂಡುತ್ತಿತ್ತು.

"ಕಾಣ್ತಿದೆ ಕಣಮ್ಮಾ" ಎಂದೆ. "ಸ್ಪಷ್ಟವಾಗಿ ಕಾಣ್ತಿದೆ."

"ಅದೇ ತೆಳು ಮಂಜುಗಡ್ಡೆ" ಎಂದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. "ನಮ್ಮನೇಲಿ ಕಪ್ಪು ಬಿಳುಪು ಟಿವಿ ಇದ್ದಿದ್ದು. ನಾನು ಕನಸು ಕಂಡಿರ್ಲಿಲ್ಲ."

ಆಮೇಲೆ ನಾನು ಅದನ್ನು ಬಿಡಿಸಿ ನೋಡಿದೆ. ಬಣ್ಣದ ಕಡೆಗೆ ಸ್ವಿಚ್ಚು ಇದ್ದರೆ ಗಟ್ಟಿ, ತೆಳು ಎರಡಕ್ಕೂ ಒಂದೇ ಬಿಳುಪು. ಆಟ ಮಾಡಿದವನು ಅಲ್ಲಿ ಎಡವಿದ್ದ. ಕಪ್ಪು ಬಿಳುಪಿನ ಕಡೆಗೆ ಮಾತ್ರ ಎಲ್ಲಾ ಸರಿಯಾಗಿ ಮಾಡಿದ್ದ. ಬಣ್ಣದ ಟಿವಿ ಕೊಳ್ಳಲಾಗದ ಮನೆಗಳಲ್ಲಿ ಮಾತ್ರ ದಾಟಬಹುದಾದ ಹೊಳೆ ಅದು. ಉಳಿದವರೆಲ್ಲ ಒಳ್ಳೊಳ್ಳೇ ಟಿವಿಯ ಮುಂದೆ ಕೂತು, ಕುರುಡರಂತೆ ನುಗ್ಗಿ, ಮುಳುಗಿ, ಆಟವನ್ನು ಬೈದಿದ್ದರು. ಅಂದಿನ ಸಂಜೆ ಇದೆಲ್ಲ ನಮಗೆ ಹೊಳೆದಿರಲಿಲ್ಲ. ನಾವು ಉಸಿರು ಬಿಗಿ ಹಿಡಿದು ಅವಳ ಕೈಗಳನ್ನೇ ನೋಡುತ್ತಾ ನಿಂತಿದ್ದೆವು.

ಕಾಣಿಸಿತೆಂದು ಹೊಳೆ ಸುಲಭವಾಗಲಿಲ್ಲ. ಕಲೆಗಳು ಸರಿದಾಡುತ್ತವೆ, ಕುದುರೆಗೆ ಅವಸರ. ಅವಳು ಮುಳುಗಿದಳು. ಮತ್ತೆ ಮೊದಲಿಂದ ಹಾಲು ಕೊಡುತ್ತಾ ಬಂದು ಮತ್ತೆ ಮುಳುಗಿದಳು. ಯಾರೂ ಕುರ್ಚಿ ಎಳೆದುಕೊಳ್ಳಲಿಲ್ಲ, ಕಾಫಿ ತಣ್ಣಗಾಯಿತು. ಮೊದಲ ಸಲ ಆರ್ವೋ ಟಿವಿಯ ಹತ್ತಿರ ಬಂದು ನಿಂತಿದ್ದ, ಬಾಯಲ್ಲಿದ್ದ ನಿಸು ಅಗಿಯುವುದನ್ನೂ ಮರೆತಿದ್ದ. ಮುಂದಿನ ಸಲ ಐಲಿ ಅರ್ಧ ಹೊಳೆ ದಾಟಿದಳು, ಒಂದು ಕಲೆಯ ಮುಂದೆ ಕುದುರೆಯನ್ನು ತಡೆದಳು, ಪಕ್ಕಕ್ಕೆ ತಿರುಗಿಸಿದಳು, "ಹೋಗು ಮಗಾ, ಹೋಗು ಮಗಾ" ಎಂದು ಗೊಣಗುತ್ತಾ ದಡ ಹತ್ತಿಸಿಬಿಟ್ಟಳು.

ಆಚೆ ಮನೆಯ ಬಾಗಿಲು ತೆರೆಯಿತು. ನಾಲ್ಕಾರು ಚೌಕಗಳನ್ನು ಕೂಡಿಸಿ ಮಾಡಿದ ಪುಟ್ಟ ಹೆಂಗಸು ಹೊರಗೆ ಬಂದಳು. ಅಷ್ಟು ಸಣ್ಣ ಚಿತ್ರದಲ್ಲೂ ತಲೆಗೆ ಕಟ್ಟಿದ ಬಟ್ಟೆ ಕಾಣುತ್ತಿತ್ತು. ಅವಳು ಕೈ ಎತ್ತಿ ಬೀಸಿದಳು. ಅಷ್ಟೇ. ಥೆಲ್ಮಾ ಪಟ ತೆಗೆಯಲು ಚೀಲದಲ್ಲಿ ಫೋನು ಹುಡುಕುವಷ್ಟರಲ್ಲಿ ಆಟ ಮತ್ತೆ ಮೊದಲಿಗೆ ಹೋಗಿತ್ತು.

ನಾನು ಕೂಗಿದೆ, ಕುಣಿದೆ, ಥೆಲ್ಮಾಳನ್ನು ತಬ್ಬಿಕೊಂಡೆ. ನನ್ನ ವಯಸ್ಸಿಗೆ ಅದು ಮರ್ಯಾದೆಯ ನಡವಳಿಕೆಯಲ್ಲ, ಆದರೆ ಅಂಥ ಸಂತೋಷ ನನಗೆ ಎಷ್ಟೋ ಕಾಲದಿಂದ ಆಗಿರಲಿಲ್ಲ. ಐಲಿ ಕುದುರೆ ಓಡಿಸುವ ಆಟದ ಕೋಲನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ನಗುತ್ತಾ ಕೂತಿದ್ದಳು.

"ಸ್ಕಾರ್ಫ್ ಕಟ್ಟಿದಾಳೆ" ಎಂದ ಆರ್ವೋ.

"ಹೂಂ" ಎಂದಳು ಐಲಿ.

ಅವನು ಟೋಪಿ ಹಾಕಿಕೊಂಡು ಮೆಟ್ಟಿಲು ಹತ್ತಿ ಹೋಗಿಬಿಟ್ಟ. ಸಿಟ್ಟು ಬಂತೇನೋ ಎಂದುಕೊಂಡೆವು. ನಾವು ಹೊರಡುವಾಗ ನೋಡಿದರೆ ಐಲಿಯ ಕಾರಿನ ಮೇಲಿನ ಹಿಮವನ್ನೆಲ್ಲ ಒಂದು ಚೂರೂ ಬಿಡದೆ ತೆಗೆದು, ಇಂಜಿನ್ ಶುರು ಮಾಡಿ, ಒಳಗೆ ಬೆಚ್ಚಗೆ ಮಾಡಿಟ್ಟು, ತಾನು ಹೊರಗೆ ಚಳಿಯಲ್ಲಿ ನಿಂತಿದ್ದ. ಅಕ್ಕ ಬಂದು ಕೂತಳು. ಅವನು ಬಾಗಿಲು ಹಾಕಿದ.

ಆಮೇಲೆ ಆರ್ವೋ ಊರೆಲ್ಲ ಸಾರಿದ. ದೋಣಿ ತಂದವರಿಗೆ ಹೇಳಿದ, ಮೀನು ಹುರಿಯುವ ಅಂಗಡಿಯಲ್ಲಿ ಹೇಳಿದ, ಈರಿಯ ಕರ್ಟಿಸ್‌ಗೆ ತಾನೇ ಫೋನು ಮಾಡಿ ಹೇಳಿದ. ಕರ್ಟಿಸ್ ತನ್ನ ಯಂತ್ರದ ಟೇಪು ಕಿತ್ತು ನೋಡಿದ. ಕಲೆಗಳು ಕಂಡವು. ಮನಸೋ ಇಚ್ಛೆ ಆಡಿ ಮುಳುಗಿದ. ಆಮೇಲೆ ಮುಂದಿನ ಗುರುವಾರ ಬಂದವನು ಕುರ್ಚಿಗೆ ಒರಗಿಕೊಂಡು, "ಕಲೆ ಇದೆ ಒಪ್ತೀನಪ್ಪ. ಆದ್ರೆ ದಾಟಕ್ಕೆ ಯಾರ ಕೈಲೂ ಆಗಲ್ಲ. ಬಾಗಿಲು, ಹೆಂಗಸು, ಕೈ ಬೀಸೋದು, ಎಲ್ಲಾ ನಿಮ್ಮ ಮನೆತನದ ಕಥೆ. ಮೊದ್ಲು ಅಕ್ಕ ಹೇಳ್ತಿದ್ಲು, ಈಗ ತಮ್ಮ ಶುರು ಮಾಡಿದಾನೆ" ಎಂದ. ಒಂದಿಬ್ಬರು ನಕ್ಕರು.

ಆರ್ವೋನ ಬೋಳುತಲೆ ತನಕ ಕೆಂಪೇರಿತು. "ನಾನು ಕಣ್ಣಾರೆ ಕಂಡಿದೀನಿ ಅಂತಿದೀನಲ್ಲಯ್ಯಾ! ನಿಕ್ಕಣ್ಣನ್ನ ಕೇಳು, ಥೆಲ್ಮಾನ್ನ ಕೇಳು!"

"ನಿಕ್ಕಣ್ಣ ಅವತ್ತು ಹೊಗೆ ಕುಡಿದಿದ್ರಂತೆ" ಎಂದ ಕರ್ಟಿಸ್.

ನಾನು ಅವನಿಗೆ ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಆರ್ವೋ ಅಕ್ಕನ ಮುಂದೆ ನಿಂತು ಅಂಗಲಾಚಿದ. "ಅಕ್ಕಾ, ಇವನ ಮುಂದೆ ಒಂದ್ಸಲ ದಾಟಿ ತೋರ್ಸೇ. ಇವನ ಬಾಯಿ ಮುಚ್ಸೇ."

ಐಲಿ ನಿಸು ಕೊಯ್ಯುತ್ತಿದ್ದಳು. "ನನಗೇನೂ ಬೇಕಿಲ್ಲಪ್ಪ. ನಾನು ದಾಟಿದ್ದು ನನಗೆ ಗೊತ್ತು. ನಿನಗೆ ಬೇಕಾದ್ರೆ ನೀನು ದಾಟು" ಎಂದಳು. ಮುನಿಸಿನ ಲೇಶವೂ ಇರಲಿಲ್ಲ. ಕರ್ಟಿಸ್‌ಗೂ ದೊಡ್ಡ ತುಂಡನ್ನೇ ಕೊಟ್ಟಳು.

ಈಗ ದೋಣಿಗಳ ಕೆಲಸ ಮುಗಿಸಿ ಆರ್ವೋ ದಿನಾ ಸಂಜೆ ಅಕ್ಕನ ಮನೆಗೆ ಹೋಗುತ್ತಾನೆ. ಆ ಪುಟ್ಟ ಕಪ್ಪು ಬಿಳುಪು ಟಿವಿಯನ್ನು ನಾನು ಅವರಿಗೇ ಕೊಟ್ಟಿದ್ದೇನೆ. ಗ್ರೀಸು ಮೆತ್ತಿದ ದಪ್ಪ ಬೆರಳುಗಳಲ್ಲಿ ಕೋಲು ಹಿಡಿದು ಅವನು ಮುಳುಗುತ್ತಾನೆ, ಬೈಯುತ್ತಾನೆ, ಮತ್ತೆ ಹಾಲು ಹೇರಿಕೊಂಡು ಹೊರಡುತ್ತಾನೆ. ಐಲಿ ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿ ಸೂಪು ಕುಡಿಯುತ್ತಾ, "ಎಡಕ್ಕೆ ಕಣೋ, ಎಡಕ್ಕೆ, ಅಯ್ಯೋ ನಿನ್ನ ತಲೆ" ಎನ್ನುತ್ತಾಳೆ. ಮೊನ್ನೆ ನಾನೂ ಹೋಗಿದ್ದೆ. ಅವನು ದಡಕ್ಕೆ ಕೂದಲೆಳೆಯಷ್ಟು ದೂರದಲ್ಲಿ ಮುಳುಗಿ, ಕೋಲನ್ನು ತೊಡೆಯ ಮೇಲೆ ಕುಕ್ಕಿದ.

"ಮೀನಂಗಡೀಲಿ ಎಲ್ಲಾ ನನ್ನ ನೋಡಿ ಕಿಸಿತಾರೆ ಅಕ್ಕ. ಕೈ ಬೀಸ್ತಾರೆ ನನ್ನ ಮಕ್ಕಳು. ಇದ್ದಿದ್ದು ಇದ್ದ ಹಾಗೆ ಹೇಳಿದ್ರೂ ಯಾರೂ ನಂಬಲ್ಲ ಅಂದ್ರೆ ಮೈ ಉರಿಯತ್ತೆ. ನನಗೆ ಇಷ್ಟು ದಿನಕ್ಕೇ ತಲೆ ಕೆಟ್ಟುಹೋಗಿದೆ" ಎಂದ. ಅಕ್ಕನ ಕಡೆ ತಿರುಗಿದ. "ನೀನು ಹೇಗೇ ಇಷ್ಟು ವರ್ಷ ಸುಮ್ನಿದ್ದೆ?"

"ಸುಮ್ನೆಲ್ಲಿದ್ದೆ ಆರ್ವೋ? ಹೇಳ್ತಾನೇ ಇದ್ನಲ್ಲ" ಎಂದಳು ಐಲಿ. "ಕೋಲು ಹಿಡ್ಕೋ. ಕುದುರೆ ಕಾಯ್ತಿದೆ."